ಸಮುದ್ರದ ಪಂಕ್ತಿ

ಕಡಲ ತಡಿಯಲ್ಲಿ ಈರಪ್ಪಜ್ಜ ಎಂಬ ಗುರು ಇದ್ದ. ಮಠವಿಲ್ಲ, ಕಾವಿಯಿಲ್ಲ. ಮಂತ್ರ ಕೇಳಿಕೊಂಡು ಬಂದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದ.

ಅವನು ಕಲಿಸುತ್ತಿದ್ದ ವಿದ್ಯೆ ಒಂದೇ. ಲೋಹದ ಸುಳಿವು ಸಿಕ್ಕರೆ ಕೂಗುವ ಮಷೀನು ಹಿಡಿದು, ಸ್ನಾನಕ್ಕಿಳಿದವರು ಕಳೆದುಕೊಂಡ ಒಡವೆಯನ್ನು ಅಲೆಯೊಳಗಿಂದ ಹುಡುಕಿ ಕೊಡುವುದು.

ಆ ಕೆಲಸದಲ್ಲಿ ಅವನಂಥವನು ಇಡೀ ಕರಾವಳಿಯಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಅವನೇ ದಿನಾ ಹೇಳಿಕೊಳ್ಳುತ್ತಿದ್ದ.

ಶಿಷ್ಯೆಯ ಹೆಸರು ಪ್ರಭಾವತಿ. ಒಣ ಮರಳಿನಲ್ಲಿ ಚೆನ್ನಾಗಿಯೇ ಕಲಿತಿದ್ದಳು. ನೀರಿಗಿಳಿಯಲು ಮಾತ್ರ ಅಜ್ಜ ಬಿಟ್ಟಿರಲಿಲ್ಲ.

"ನನ್ನ ಇಳಿಸೂದು ಯಾವಾಗ ಅಜ್ಜ?"

"ಸಮುದ್ರ ಕರೀಲಿ."

ಅಮಾವಾಸ್ಯೆಯ ಬೆಳಿಗ್ಗೆ ಸಮುದ್ರ ಕರೆಯಿತು, ಕಳಕವ್ವನ ಬಾಯಿಂದ.

ಗದಗಿನ ಕಡೆಯಿಂದ ಬಸ್ಸು ಮಾಡಿಕೊಂಡು ಊರವರ ಜೊತೆ ಬಂದ ಹೆಂಗಸು ಅವಳು. ಮುಳುಗಿ ಏಳುವಾಗ ದಾರ ಹರಿದು ತಾಳಿ ನೀರುಪಾಲಾಗಿತ್ತು. ಎಲ್ಲಿ ಬಿತ್ತೆಂದು ಅವಳಿಗೂ ಗೊತ್ತಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತವಳು ಮೇಲೆ ಬರಲೊಲ್ಲಳು.

"ಇನ್ನೊಂದು ಮಾಡಿಸಿದ್ರಾತು, ಬಾ," ಎಂದ ಗಂಡ, ದಂಡೆಯಿಂದಲೇ.

"ನಿಮ್ಮವ್ವ ತನ್ನ ಕಿವ್ಯಾಗಿಂದು ಬಿಚ್ಚಿ, ಕರಗ್ಸಿ ಮಾಡ್ಸಿದ್ದು ಅದು. ಆಕಿ ಎದ್ದು ಬಂದು ಇನ್ನೊಂದ್ಸಲ ಬಿಚ್ಚಿ ಕೊಡ್ತಾಳೇನು?"

ಗಂಡ ಬಸ್ಸಿನ ಕಡೆ ತಿರುಗಿ ನೋಡಿದ.

ಅಜ್ಜನ ಮಂಡಿ ಆ ವರ್ಷ ಕೈಕೊಟ್ಟಿತ್ತು, ಅಲೆಯಲ್ಲಿ ನಿಲ್ಲಲಾಗದು. ಮಷೀನನ್ನು ಪ್ರಭಾವತಿಯ ಕೈಗೆ ಕೊಟ್ಟ.

"ಈ ಹುಡುಗಿ ಬ್ಯಾಡ್ರೀ ಯಜ್ಜಾ, ನೀವಽ ಇಳೀರಿ," ಎಂದಳು ಕಳಕವ್ವ.

ಅಜ್ಜ ಕೇಳಿಸದವನಂತೆ ಮರಳಿನ ಮೇಲೆ ಕೂತ. ಪ್ರಭಾವತಿಗೆ ಮುಖ ಉರಿಯಿತು. ತೋರಿಸಿಕೊಡುತ್ತೇನೆ ಎಂದುಕೊಂಡು ಮಷೀನಿನ ಕಿವಿ ಚುರುಕಾಗಿಸುವ ತಿರುಪನ್ನು ಕೊನೆಯವರೆಗೆ ತಿರುಗಿಸಿ ನೀರಿಗಿಳಿದಳು.

ನೀರು ತಾಗಿದ್ದೇ ತಡ, ಮಷೀನು ಅರಚತೊಡಗಿತು. ಎಲ್ಲಿ ಇಟ್ಟರೂ ಅರಚುವುದೇ.

"ಅಜ್ಜ, ಎಲ್ಲಾ ಕಡೆ ಬಂಗಾರ!"

"ಎಲ್ಲಾ ಕಡೆ ಉಪ್ಪು. ತಿರುಪು ಕಮ್ಮಿ ಮಾಡು."

"ಕಮ್ಮಿ ಮಾಡಿದ್ರೆ ಕಿವುಡಾಗೂದಿಲ್ವಾ ಇದು?"

"ಎಲ್ಲರ ಮಾತೂ ಕೇಳ್ತೆ ಅಂಬವಳಿಗೆ ಯಾರ ಮಾತೂ ಕೇಳೂದಿಲ್ಲ."

ಅವಳು ತಿರುಪು ಇಳಿಸಿದಳು. ಗಲಾಟೆ ನಿಂತಿತು. ಮಷೀನಿನ ತಟ್ಟೆಯನ್ನು ಮರಳಿಗೆ ತಾಗುವಷ್ಟು ಹತ್ತಿರ ಹಿಡಿದು ನಿಧಾನ ಆಡಿಸಿದಳು. ಒಂದು ತಗ್ಗಿನಲ್ಲಿ ಅದು ಕೂಗಿತು. ಮರಳು ಸೋರಿಹೋಗುವ ತೂತಿನ ಸಲಿಕೆಯಿಂದ ಎತ್ತಿದರೆ ಬಲೆಗೆ ಕಟ್ಟುವ ಸೀಸದ ಗುಂಡು.

ಮತ್ತೆ ಕೂಗಿತು. ಮತ್ತೆ ಸೀಸ. ಇನ್ನೊಮ್ಮೆಯೂ ಸೀಸವೇ.

ಅವಳು ಗುಂಡನ್ನು ದೂರಕ್ಕೆ ಬೀಸಿ ಒಗೆದಳು. ಆ ತಗ್ಗು ಬಿಟ್ಟು, ಮರಳು ಸಪಾಟಾಗಿದ್ದ ಕಡೆ ಹೋದಳು. ಅಲ್ಲಿ ಮಷೀನು ತುಟಿಪಿಟಕ್ ಎನ್ನಲಿಲ್ಲ.

"ಅಲ್ಲೆಂತಕ್ಕೆ ಹೋದೆ?" ಅಜ್ಜ ಕೂಗಿ ಕೇಳಿದ.

"ಆ ತಗ್ಗಲ್ಲಿ ಬರೀ ಸೀಸ. ಇಲ್ಲಿ ಚೊಕ್ಕ ಅದೆ."

"ಚೊಕ್ಕ ಇರೂ ಕಡೆ ಎಂತ ಸಿಕ್ತು?"

"ಇನ್ನೂ ಎಂತ ಇಲ್ಲ."

ಅಜ್ಜ ನಕ್ಕ.

"ಊರ ಊಟದಲ್ಲಿ ಬಂಗಾರದವರಿಗೆ ಒಳಗೊಂದು ಪಂಕ್ತಿ, ಸೀಸದವರಿಗೆ ಹೊರಗೊಂದು. ನನ್ನಪ್ಪ ಹೊರಗೇ ಉಂಡು ಸತ್ತ. ಸಮುದ್ರಕ್ಕೆ ಪಂಕ್ತಿಭೇದ ಗೊತ್ತಿಲ್ಲ ತಂಗಿ. ಭಾರ ಇದ್ದವರನ್ನೆಲ್ಲ ತಗ್ಗಿಗೆ ಎಳೆದು ಒಂದೇ ಸಾಲಲ್ಲಿ ಕೂರಿಸ್ತದೆ."

ಪ್ರಭಾವತಿ ತಗ್ಗಿಗೆ ವಾಪಸ್ಸು ಬಂದಳು.

ಉಬ್ಬರ ಏರತೊಡಗಿತ್ತು. ಕಡಲಿಗೆ ಬೆನ್ನು ಹಾಕಿದ್ದಕ್ಕೆ ಒಂದು ತೆರೆ ಬಂದು ಅವಳನ್ನು ಕೆಡವಿತು. ಎದ್ದಳು. ಈ ಸಲ ತೆರೆಗೆ ಓರೆಯಾಗಿ, ಕಾಲು ಅಗಲಿಸಿ ನಿಂತಳು. ಮೇಲೆ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಡ್ರೈವರ್ ಬೈಯಾಕತ್ಯಾನ, ಬಾ," ಎಂದು ಗಂಡ ಕರೆದ.

"ಬಸ್ ಹೋಗ್ಲಿ," ಎಂದಳು ಕಳಕವ್ವ. ನೀರು ಅವಳ ಎದೆಯವರೆಗೆ ಬಂದಿತ್ತು.

ಸೀಸ ಸಿಕ್ಕಿತು. ಪ್ರಭಾವತಿ ಅದನ್ನು ಒಗೆಯದೆ ಸೊಂಟದ ಚೀಲಕ್ಕೆ ಹಾಕಿಕೊಂಡಳು. ಮತ್ತೆ ಸೀಸ, ಅದನ್ನೂ ಹಾಕಿಕೊಂಡಳು. ಮತ್ತೊಮ್ಮೆ ಮಷೀನು ಕೂಗಿದ್ದೂ ಅದೇ ಸೀಸದ ದನಿಯಲ್ಲೇ. ಮುಖ ಸಿಂಡರಿಸದೆ ಅಗೆದಳು.

ಸಲಿಕೆಯಲ್ಲಿ ಒಂದು ಕಪ್ಪೆಚಿಪ್ಪು, ಒಂದು ಸೀಸದ ಗುಂಡು, ಅದರ ಪಕ್ಕದಲ್ಲಿ ತಾಳಿ.

ಆ ಗಳಿಗೆಯಲ್ಲಿ ಪ್ರಭಾವತಿಗೆ ಆದ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ಪಡಬೇಕಾದ ಹೆಮ್ಮೆಯೇ ಅದು.

ಕಳಕವ್ವ ತಾಳಿಯನ್ನು ಕಣ್ಣಿಗೊತ್ತಿಕೊಂಡು ಗಳಗಳ ಅತ್ತಳು. ಗಂಡನೂ ಕಣ್ಣೊರೆಸಿಕೊಂಡ. ಅವಳು ದಡಕ್ಕೆ ಬಂದವಳೇ ಪ್ರಭಾವತಿಯನ್ನು ದಾಟಿಕೊಂಡು ಹೋಗಿ ಅಜ್ಜನ ಕಾಲಿಗೆ ಬಗ್ಗಿದಳು.

"ನಿಮ್ಮಂಥಾ ಹುಡುಕೋರು ಎಲ್ಲೂ ಇಲ್ರೀ ಯಪ್ಪಾ!"

ಪ್ರಭಾವತಿ ತಲೆ ತಗ್ಗಿಸಿ ಮಷೀನು ಒರೆಸತೊಡಗಿದಳು.

ಇಂಥ ಮಾತಿಗೆ ಅಜ್ಜ ಎಂದೂ ಬೇಡವೆಂದವನಲ್ಲ. ಅವತ್ತು ಮಾತ್ರ ಎರಡೂ ಕಾಲು ಹಿಂದಕ್ಕೆಳೆದುಕೊಂಡ. ನೋಯುವ ಮಂಡಿ ಹಿಡಿದು ಎದ್ದು ನಿಂತು, ಒದ್ದೆ ಮುದ್ದೆಯಾಗಿದ್ದ ಪ್ರಭಾವತಿಯ ಕಡೆ ಕೈ ತೋರಿಸಿದ.

"ತಾಳಿ ಹುಡುಕಿದ್ದು ಅವಳು, ತಾಯಿ. ನಾ ಹುಡುಕಿದ್ದು ಅವಳನ್ನ."