ಏಳುಗೇಜಿನ ಬಯಲು

ಮಲ್ಲಗಟ್ಟಿ ಜಂಕ್ಷನ್ನಿನಲ್ಲಿ ಇಳಿದು, ಮೇಲ್ಸೇತುವೆ ದಾಟಿ, ಹಳೆಯ ಲೋಕೋ ಶೆಡ್ಡಿನ ಮುರುಕು ಗೋಡೆಯ ಗುಂಟ ನಡೆದರೆ ಒಂದು ಬಯಲು ಸಿಗುತ್ತದೆ. ಹುಲ್ಲು ಅಷ್ಟಕ್ಕಷ್ಟೆ. ಕಾಲಿಟ್ಟಲ್ಲೆಲ್ಲ ಉಗಿಬಂಡಿಯ ಕಾಲದ ಕರಿ ಬೂದಿ. ಬರಿಗಾಲಲ್ಲಿ ಆಡಿದವರ ಪಾದ ಎರಡು ದಿನ ತಿಕ್ಕಿ ತೊಳೆದರೂ ಬೆಳ್ಳಗಾಗುವುದಿಲ್ಲ. ಎರಡು ತುದಿಗೆ ಎರಡು ಫುಟ್‌ಬಾಲ್ ಗೋಲುಗಳಿವೆ. ಅವುಗಳ ಕಂಬಗಳು ಮರದವಲ್ಲ, ರೈಲಿನ ಹಳಿಗಳು. ಕಣ್ಣಳತೆ ಇದ್ದವರಿಗೆ ಗೋಲು ತುಸು ಇಕ್ಕಟ್ಟೆನಿಸುತ್ತದೆ, ಮತ್ತು ಅದು ನಿಜವೇ. ನಗರಸಭೆಯವರು ಒಮ್ಮೆ ದೊಡ್ಡವರೊಬ್ಬರ ಹೆಸರಿಟ್ಟು ಇಲ್ಲಿ ಫಲಕ ನೆಟ್ಟಿದ್ದರು. ಆ ಹೆಸರು ಫಲಕದಲ್ಲೇ ತುಕ್ಕು ಹಿಡಿಯಿತು, ಯಾರ ಬಾಯಿಗೂ ಹತ್ತಲಿಲ್ಲ. ಊರಿಗೆ ಇದು ಅಂದಿನಿಂದ ಇಂದಿನವರೆಗೂ ಏಳುಗೇಜಿನ ಬಯಲು.

ಹಿಂದೆ ಒಮ್ಮೆ, ಬಿಳಿ ಸಾಹೇಬರ ಆಳ್ವಿಕೆಯಲ್ಲಿ, ಈ ಜಂಕ್ಷನ್ನಿನ ಹಳಿ ಕಾಯುವ ಗ್ಯಾಂಗಿಗೆ ಯಮನೂರಪ್ಪ ಎಂಬವನು ಮೇಟ್ ಆಗಿದ್ದ. ಮೇಟ್ ಎಂದರೆ ಗ್ಯಾಂಗಿನ ಹಿರಿಯಾಳು, ಕೂಗು ಹಾಕುವವನು. ಎಂಟು ಮಂದಿ ಇಕ್ಕಳ ಹಚ್ಚಿ ಹಳಿಯನ್ನು ಹಿಡಿಯುತ್ತಾರೆ; ಮೇಟ್ 'ಹೊಟ್ಟಿ ಗಟ್ಟಿ ಮಾಡ್ರೋ' ಎಂದು ಕೂಗುತ್ತಾನೆ; ಎಂಟೂ ಮಂದಿ 'ಹೈಸಾ' ಎಂದು ಒಂದೇ ಉಸಿರಿಗೆ ಎತ್ತುತ್ತಾರೆ. ಒಮ್ಮೆ ಯಾರೋ ಆತುರದ ಅಧಿಕಾರಿ ಕೂಗಿಗೆ ಕಾಯದೆ ತಾನೇ 'ಎತ್ತು' ಎಂದುಬಿಟ್ಟಿದ್ದ. ಅರ್ಧ ಮಂದಿ ಎತ್ತಿದರು, ಅರ್ಧ ಮಂದಿ ಎತ್ತಲಿಲ್ಲ, ಹಳಿ ಜಾರಿ ಯಮನೂರಪ್ಪನ ತಮ್ಮ ಭರಮಪ್ಪನ ಎಡಗಾಲಿನ ಮೇಲೆ ಬಿತ್ತು. ಅಂದಿನಿಂದ ಶೆಡ್ಡಿನ ಗೋಡೆಗೆ ಒಂದು ಬೋರ್ಡು ಬಂತು: ಎದುರಿಗೆ ಯಾರೇ ನಿಂತಿರಲಿ, ಮೇಟ್ ಕೂಗದೆ ಹಳಿ ಎತ್ತಿದವನ ನೌಕರಿ ಹೋಗುತ್ತದೆ. ಹೀಗೆ ಭರಮಪ್ಪನ ಕಾಲು ಹೋಗಿ ನಿಯಮವೊಂದು ಬಂದಿತ್ತು.

ಆಗ ಈ ಬಯಲು ಬೂದಿ ಸುರಿಯುವ ಜಾಗವಾಗಿತ್ತು. ಗ್ಯಾಂಗಿನವರೂ ಉಗಿಬಂಡಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗಳೂ ಸೇರಿ ಅದನ್ನು ತಟ್ಟಿ ಸಮ ಮಾಡಿ, ಬಿದಿರಿನ ಗಳ ನೆಟ್ಟು, ಪಾಳಿ ಮುಗಿದ ಮೇಲೆ ಚೆಂಡು ಒದೆಯುತ್ತಿದ್ದರು. ಬಿದಿರನ್ನು ವಾರಕ್ಕೊಮ್ಮೆ ಯಾರೋ ಕಿತ್ತು ಒಲೆಗೆ ಹಾಕಿಬಿಡುತ್ತಿದ್ದರು. ಯಮನೂರಪ್ಪನಿಗೆ ಆಟ ಬರುತ್ತಿರಲಿಲ್ಲ. ಆದರೂ ಗೋಲಿನ ಮೇಲೆ ಅವನಿಗೆ ಜೀವ, ಏಕೆಂದರೆ ಓಡಲಾರದ ಭರಮಪ್ಪ ಗೋಲು ಕಾಯುತ್ತಿದ್ದ. ಕಾಲು ಊನವಾದ ಮೇಲೆ ಮೂಲೆ ಹಿಡಿದಿದ್ದ ತಮ್ಮ ತಲೆ ಎತ್ತಿ ನಿಂತದ್ದನ್ನು ಯಮನೂರಪ್ಪ ನೋಡಿದ್ದು ಆ ಎರಡು ಬಿದಿರುಗಳ ನಡುವೆ ಮಾತ್ರ. ಯಾರೂ ಕೀಳಲಾಗದ ಕಂಬ ನೆಡುತ್ತೇನೆಂದು ಅವನು ಹಟ ತೊಟ್ಟ. ಗುಜರಿಗೆ ಬಿದ್ದ ನಾಲ್ಕು ಹಳಿ ತುಂಡುಗಳನ್ನು ಆಗಿನ ಮುದುಕ ಸಾಹೇಬರಿಂದ ಕೇಳಿ ಪಡೆದ. ಅಗಲ ಎಷ್ಟೆಂದು ಗೋವಾ ಕಡೆಯ ಫೈರ್‌ಮನ್ ಸಾಲ್ವದೋರನನ್ನು ಕೇಳಿದರೆ, ಅವನು ಸಮುದ್ರದ ದಂಡೆಯಲ್ಲಿ ಕಂಡಿದ್ದ ಗೋಲನ್ನು ನೆನೆದು, "ಏಳು ಗೇಜು, ಮೇಲೆ ಒಂದೂವರೆ ಗೇಣು" ಎಂದ. ಗೇಜೆಂದರೆ ಎರಡು ಹಳಿಗಳ ನಡುವಿನ ಅಂತರ ಅಳೆಯುವ ಕಬ್ಬಿಣದ ಕೋಲು. ಆಗ ಇಲ್ಲಿ ಮೀಟರ್ ಗೇಜಿನ ದಾರಿ, ಕೋಲೂ ಅಷ್ಟೇ ಉದ್ದ. ಇಪ್ಪತ್ತು ವರ್ಷ ಅದೇ ಕೋಲು ಹಿಡಿದವನಿಗೆ 'ಮೇಲೆ ಒಂದೂವರೆ ಗೇಣು' ಎಂಬುದು ತಲೆಗೇ ಹೋಗಲಿಲ್ಲ. ಗೇಜು ಅಂದರೆ ಗೇಜು, ಕೂದಲೆಳೆ ಹೆಚ್ಚಾದರೂ ಬಂಡಿ ಬೀಳುತ್ತದೆ. ಕೋಲನ್ನು ಏಳು ಸಲ ಮಗುಚಿ ಹಾಕಿ, ಆರಡಿ ಆಳಕ್ಕೆ ಹಳಿ ಇಳಿಸಿ, ಸುಣ್ಣ-ಬೂದಿ ಜಡಿದು ಕೈ ತೊಳೆದುಕೊಂಡ. ತಪ್ಪು ಅವನದೇ, ಅದರಲ್ಲಿ ಎರಡು ಮಾತಿಲ್ಲ.

ಮರುವರ್ಷ ಹೊಸ ಸಾಹೇಬ ಬಂದ. ಅವನಿಗೆ ಕಲ್ಲಿದ್ದಲು ಒಟ್ಟಲು ಜಾಗ ಬೇಕಿತ್ತು, ಕಣ್ಣು ಈ ಬಯಲಿನ ಮೇಲೆ ಬಿತ್ತು. ಆದರೂ ಆಟದ ಶೋಕಿಯವನು. ಅಧಿಕಾರಿಗಳ ತಂಡ ಕಟ್ಟಿಕೊಂಡು ಗ್ಯಾಂಗಿನವರ ಮೇಲೆ ಆಡಲು ತಾನೇ ಇಳಿದ. ಇವರು ಬರಿಗಾಲು, ಅವರು ಬೂಟು. ಸಾಲ್ವದೋರ ಒಂದು ಗೋಲು ಹೊಡೆದ. ಕೊನೆಯ ಗಳಿಗೆಯಲ್ಲಿ ಸಾಹೇಬ ಬೀಸಿ ಒದ್ದ ಚೆಂಡು ಭರಮಪ್ಪನನ್ನು ದಾಟಿ ಹೋಗಿ ಹಳಿಗೆ ಬಡಿಯಿತು. ಕಂಬ ಶೆಡ್ಡಿನವರೆಗೂ ಕೇಳುವಂತೆ ಠಣ್ಣೆಂದಿತು, ಚೆಂಡು ಹಿಂದೆ ಬಂತು, ಆಟ ಮುಗಿಯಿತು. ಸಾಹೇಬನ ಮುಖ ಕೆಂಡವಾಯಿತು. ಟೇಪು ತರಿಸಿ ಅಳೆಸಿದ; ಒಂದಡಿಗೂ ಮೇಲೆ ಕಡಿಮೆ.

"ಎರಡೂ ಕಡೆ ಅಷ್ಟ ಐತ್ರಿ ಸಾಹೇಬ್ರ. ನಿಮಗ ಸಣ್ಣದಾದ್ರ ನಮಗೂ ಸಣ್ಣದ," ಎಂದ ಯಮನೂರಪ್ಪ. ಆದರೆ ಒಳಗೊಳಗೆ ಅವನಿಗೆ ನಾಚಿಕೆಯಾಗಿತ್ತು. ಆ ಸಂಜೆಯೇ ಬಂಗಲೆಗೆ ಹೋಗಿ, ರುಮಾಲು ಕೈಯಲ್ಲಿ ಹಿಡಿದು, ಭಾನುವಾರದೊಳಗೆ ಕಂಬಗಳನ್ನು ಒಂದೂವರೆ ಗೇಣು ಸರಿಸಿ ನೆಡುತ್ತೇನೆ, ತಪ್ಪಾಯಿತು ಎಂದ. ಸಾಹೇಬ ನಕ್ಕುಬಿಟ್ಟ. ಸರಿಸುವುದು ಬೇಡ, ಕೀಳು. ಸೋಮವಾರದಿಂದ ಅಲ್ಲಿ ಕಲ್ಲಿದ್ದಲು ಬೀಳುತ್ತದೆ ಎಂದ. ಯಮನೂರಪ್ಪನ ನಾಚಿಕೆ ಬಂಗಲೆಯ ಮೆಟ್ಟಿಲ ಮೇಲೇ ಸತ್ತುಹೋಯಿತು ಎನ್ನುತ್ತಾರೆ. ಅಳತೆ ಬರೀ ನೆಪ ಎಂದು ಗೊತ್ತಾದ ಮೇಲೆ, ಆ ಅಳತೆಗೆ ತಲೆ ಬಾಗಿಸುವುದಾದರೂ ಏಕೆ? ರುಮಾಲು ಸುತ್ತಿಕೊಂಡು ಹೊರಬಿದ್ದ.

ಸೋಮವಾರ ಬೆಳಿಗ್ಗೆ ಸಾಹೇಬನೇ ಬಯಲಿಗೆ ಬಂದು ನಿಂತ. ಉತ್ತರದ ಗೋಲಿನ ಒಂದು ಕಂಬದ ಸುತ್ತ ಸೊಂಟದಾಳಕ್ಕೆ ಅಗೆಸಿದ್ದಾಗಿತ್ತು. ಎಂಟು ಮಂದಿ ಹೊಂಡಕ್ಕಿಳಿದು ಇಕ್ಕಳ ಹಚ್ಚಿದರು. ಹುಕುಂ ಮೀರಿದರೆಂದು ಯಾರೂ ಅನ್ನುವಂತಿರಲಿಲ್ಲ. ಕೈ ಇಕ್ಕಳದ ಮೇಲಿತ್ತು, ಬೆನ್ನು ಬಾಗಿತ್ತು. ಎಲ್ಲರೂ ಕೂಗಿಗೆ ಕಾದರು. ಯಮನೂರಪ್ಪ ಬಾಯಿ ಬಿಡಲಿಲ್ಲ. ಸಾಹೇಬ ಒಮ್ಮೆ ಹೇಳಿದ, ಎರಡು ಸಲ ಹೇಳಿದ, ಆಮೇಲೆ ತಾಳಲಾರದೆ ತಾನೇ 'ಹೈಸಾ' ಎಂದು ಕಿರುಚಿದ. ಒಬ್ಬನೂ ಮಿಸುಕಲಿಲ್ಲ. ಹೊಂಡದಿಂದ ಯಾರೋ ಮೆಲ್ಲಗೆ, "ಮೇಟ್ ಕೂಗಲಾರದ ಎತ್ತಿದ್ರ ನೌಕರಿ ಹೋಕ್ಕೈತ್ರಿ. ಬೋರ್ಡು ನಿಮ್ಮದ ಐತಿ," ಎಂದರು.

ಸಾಹೇಬ ಯಮನೂರಪ್ಪನ ಮುಂದೆ ಬಂದು ನಿಂತ. ಈಗಲೇ ಕೂಗು, ಇಲ್ಲವಾದರೆ ಇಂದಿಗೆ ನೀನು ಮೇಟ್ ಅಲ್ಲ ಎಂದ. ಯಮನೂರಪ್ಪನಿಗೆ ಅಂಜಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಗೋಲಿನ ಬಾಯಲ್ಲಿ ಭರಮಪ್ಪ ಒಂದು ಕಾಲಿನ ಮೇಲೆ ಭಾರ ಹಾಕಿ, ಆಟದ ದಿನ ನಿಲ್ಲುವಂತೆಯೇ ಎರಡೂ ಕೈ ಚಾಚಿ ನಿಂತಿದ್ದ. ಅಣ್ಣ ಅವನನ್ನೇ ನೋಡಿದ.

"ಕೂಗು ಎದಿಯೊಳಗಿಂದ ಬರಬೇಕ್ರಿ ಸಾಹೇಬ್ರ," ಎಂದ. "ಈ ಕಂಬಕ್ಕ ಅದು ಬರೂದಿಲ್ಲ."

ಮಧ್ಯಾಹ್ನದ ಸೈರನ್ ಆಗುವವರೆಗೂ ಎಂಟು ಮಂದಿ ಹಾಗೇ ಬಾಗಿ ನಿಂತಿದ್ದರು. ಮರುದಿನ ಸಾಹೇಬ ಪಕ್ಕದ ಸ್ಟೇಷನ್ನಿನ ಗ್ಯಾಂಗನ್ನು ಕರೆಸಿದ. ಅವರ ಮೇಟ್ ಹಳಿಯನ್ನು ನೋಡಿದ, ಭರಮಪ್ಪನ ಕಾಲನ್ನು ನೋಡಿದ, ಇಕ್ಕಳ ಹಚ್ಚಿಸಿ ತಾನೂ ಬಾಯಿ ಮುಚ್ಚಿ ನಿಂತ. ಮೂರನೆಯ ದಿನ ಇನ್ನೊಂದು ಗ್ಯಾಂಗು, ಅಲ್ಲಿಯೂ ಅದೇ ಮೌನ. ಅಷ್ಟರಲ್ಲಿ ಕಲ್ಲಿದ್ದಲಿನ ವ್ಯಾಗನ್ನುಗಳು ಬಂದು ನಿಂತು, ಜಾಗವಿಲ್ಲದೆ, ಶೆಡ್ಡಿನ ಆಚೆ ಬದಿಗೆ ಖಾಲಿಯಾದವು. ಒಮ್ಮೆ ಅಲ್ಲಿ ಬಿದ್ದ ಕಲ್ಲಿದ್ದಲು ಮತ್ತೆ ಇತ್ತ ಬರಲಿಲ್ಲ. ಹೊಂಡವನ್ನು ಯಾರು ಮುಚ್ಚಿದರೋ ಯಾರೂ ನೋಡಲಿಲ್ಲವಂತೆ. ಊರಿಗೆ ಊರೇ ಕುರುಡಾಗಿತ್ತು. ಯಮನೂರಪ್ಪನ ಮೇಟ್‌ಗಿರಿ ಮಾತ್ರ ಹೋಯಿತು. ಹನ್ನೆರಡು ಮೈಲಿ ಆಚೆಯ ಗೇಟು ಕಾಯಲು ಹಾಕಿದರು, ನಿವೃತ್ತಿಯವರೆಗೂ ಅಲ್ಲೇ ಇದ್ದ. ಪಂದ್ಯದ ದಿನ ಮಾತ್ರ ರಜೆ ಹಾಕಿ ಬಂದು, ತಮ್ಮನ ಗೋಲಿನ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ ಎನ್ನುತ್ತಾರೆ. ಅವನು ಹೋದ ಮೇಲೆ ಕಂಬಗಳನ್ನು ಸರಿಯಾದ ಅಳತೆಗೆ ಸರಿಸೋಣವೆಂದು ಬಯಲಿನ ಆಟಗಾರರ ಕ್ಲಬ್ಬಿನಲ್ಲಿ ಯಾರೂ ಬಾಯಿ ತಪ್ಪಿಯೂ ಅನ್ನಲಿಲ್ಲ.

ಈಗ ಜಂಕ್ಷನ್ನೆಲ್ಲ ಬ್ರಾಡ್ ಗೇಜು. ಮೀಟರ್ ಗೇಜಿನ ಅಳತೆ ಈ ಊರಿನಲ್ಲಿ ಉಳಿದಿರುವುದು ಆ ಗೋಲುಗಳ ಕಂಬಗಳ ನಡುವೆ ಮಾತ್ರ. ಉತ್ತರದ ಗೋಲಿನ ಬಲಗಂಬಕ್ಕೆ ಬಗ್ಗಿ ನೋಡಿದರೆ, ನೆಲದಿಂದ ಗೇಣು ಮೇಲೆ, ಮೂರು ಗ್ಯಾಂಗುಗಳ ಇಕ್ಕಳದ ಹಲ್ಲು ಕಚ್ಚಿದ ಗುರುತುಗಳು ಇಂದಿಗೂ ಕಾಣುತ್ತವೆ. ಪಂದ್ಯಕ್ಕೆ ಮೊದಲು ಆಟಗಾರರು ಆ ಕಂಬ ಹಿಡಿದು ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ, ಕೂಗಿಲ್ಲ, ಜೈಕಾರವಿಲ್ಲ. ಹೋದ ವರ್ಷ ಪಂದ್ಯವೊಂದರ ದಿನ ಜಿಲ್ಲೆಯ ಆಟದ ಸಂಘದ ಅಧಿಕಾರಿಯೊಬ್ಬರು ಟೇಪು ಹಿಡಿದು ಬಂದು ಅಳೆದರು. ಗೋಲು ಚಿಕ್ಕದು, ಕಂಬ ತೆಗೆಸಿ ಎಂದರು. ಹುಡುಗಿಯರಿಗೆ ಆಟ ಕಲಿಸುತ್ತಿದ್ದ ರೇಣವ್ವ, ಭರಮಪ್ಪನ ಮೊಮ್ಮಗಳು, ಕ್ಲಬ್ಬಿನ ಕೋಣೆಯೊಳಗೆ ಹೋಗಿ ಗೋಡೆಗೆ ತೂಗುಹಾಕಿದ್ದ ಹಳೆಯ ಇಕ್ಕಳವನ್ನು ತಂದು ಅವರ ಕೈಗಿಟ್ಟಳು.

"ಕಡಿಮಿ ಐತ್ರಿ ಸರ್, ನೀವು ಅಳತಿ ಮಾಡಿದ್ದು ಖರೆ," ಎಂದಳು. "ತಗೀರಿ. ಆದ್ರ ಕೂಗಾವ್ರು ಯಾರು?"

ಅಧಿಕಾರಿ ಇಕ್ಕಳವನ್ನು ನೋಡಿದರು, ಸುತ್ತ ನಿಂತ ಮಂದಿಯನ್ನು ನೋಡಿದರು. ಬಯಲಿನಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರು ಟೇಪು ಸುತ್ತಿ ಕಿಸೆಗಿಟ್ಟುಕೊಂಡು, ಪಂದ್ಯ ಶುರು ಮಾಡಿ ಎಂದರು.