ಹಗ್ಗದ ಸಣ್ಣೀರನ ಅಹವಾಲು

"ಕೇಳಿರಿ, ಕೇಳಿರಿ! ಕತ್ತಿ, ಈಟಿ ಹಿಡಿದು ಅರಮನೆಯ ಬಂಡಿಗಳನ್ನು ದೋಚಲು ಸಂಚು ಹೂಡಿದ ಐವರಿಗೆ ಹತ್ತು ವರ್ಷ ಸೆರೆಯಾಗಿದೆ. ತೀರ್ಪು ತಪ್ಪೆನ್ನುವವರು ಮಹಾರಾಜರ ಮೂರು ಒಗಟು ಬಿಡಿಸಿ ಅಹವಾಲು ಹೇಳಿಕೊಳ್ಳಬಹುದು. ಸೋತವರಿಗೂ ಅದೇ ಸೆರೆ, ಅಷ್ಟೇ ವರ್ಷ!" ಎಂದು ಊರಲ್ಲಿ ಡಂಗುರ ಸಾರಿದರು.

ಮಲ್ಲಸೇನ ಮಹಾರಾಜನಿಗೆ ಒಗಟಿನ ಹುಚ್ಚು. ಹುಚ್ಚು ಯಾರಿಗಿಲ್ಲ ಹೇಳಿ? ರಾಜನಿಗೆ ಹಿಡಿದರೆ ಊರಿಗೆಲ್ಲ ಕಾಟ, ಅಷ್ಟೆ.

ಮೊದಲು ಬಂದವನು ಕಳ್ಳರ ನಾಯಕನ ಭಾವಮೈದ. "ಕಾಲು ಕದಲುವ ಮೊದಲೇ ದಾರಿ ತಪ್ಪುವುದು ಯಾವುದು?" ಎಂದ ರಾಜ. "ಕುರುಡು ಕುದುರೆ" ಎಂದವನನ್ನು ಭಟರು ಎಳೆದೊಯ್ದರು.

ಆಮೇಲೆ ಇನ್ನೊಬ್ಬ ಕೈದಿಯ ಮಾವ ಬಂದ. ಮೊದಲನೆಯದನ್ನು ಹೇಗೋ ಬಿಡಿಸಿದ. "ಕೈಗೆ ಬಂದರೆ ಹೇಡಿಯನ್ನೂ ಹುಲಿ ಮಾಡುತ್ತದೆ, ತಾನು ಮಾತ್ರ ಒಂದು ಹೆಜ್ಜೆ ನಡೆಯದು. ಏನದು?" ಮಾವ ಮೀಸೆ ತಿರುವಿ, "ಹೆಂಡ!" ಎಂದ. ರಾಜನಿಗೂ ನಗು ಬಂತು. "ಅದು ಕೈಗಲ್ಲಪ್ಪ, ಹೊಟ್ಟೆಗೆ ಹೋಗಬೇಕು." ಮಾವನೂ ಅಳಿಯನ ಪಕ್ಕಕ್ಕೆ ಹೋದ.

ಕೊನೆಗೆ ಹಗ್ಗ ಹೊಸೆಯುವ ಸಣ್ಣೀರ ಬಂದು ನಿಂತ. ಐವರಲ್ಲೊಬ್ಬ ಅವನ ಅಣ್ಣ ದೊಡ್ಡೀರ.

"ಹತ್ತು ವರ್ಷ ಒಳಗಿರೋಕೆ ತಯಾರಾಗಿ ಬಂದೆಯೇನಯ್ಯಾ?" ಎಂದ ರಾಜ.

"ಹಗ್ಗಕ್ಕೆ ಇಬ್ರು ಬೇಕು ಬುದ್ಧಿ. ಅಣ್ಣ ಹೋದ ಮ್ಯಾಲೆ ತುದೀನ ಹುಣಸೆ ಮರಕ್ಕೆ ಕಟ್ಕೊಂಡು ಹೊಸೀತಿವ್ನಿ. ಮರ ಮಾತಾಡಲ್ಲ."

ಮೊದಲೆರಡಕ್ಕೂ ಅವನು ಸರಿಯಾಗಿ ಉತ್ತರಿಸಿದ. ರಾಜ ಮುಂದಕ್ಕೆ ಬಾಗಿದ. "ಹಿಂದಕ್ಕೆ ಹೋದಷ್ಟೂ ಮುಂದಕ್ಕೆ ಹೋದಂತಾಗುವುದು ಯಾರಿಗೆ?"

ಹಗ್ಗ ಹೊಸೆಯುವವನು ಹಿಂದಕ್ಕೆ ಸರಿದಷ್ಟೂ ಹಗ್ಗ ಬೆಳೆಯುತ್ತದೆ. ನನಗೇ ಎನ್ನುವ ಮಾತು ಸಣ್ಣೀರನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಣ್ಣ ಮುಂದೆ ಅಣ್ಣ ಬಂದು ನಿಂತ.

"ತಪ್ಪು ದಾರಿ ಹಿಡಿದು, ಅರ್ಧದಲ್ಲೇ ತಿರುಗಿದೋನಿಗೆ, ಬುದ್ಧಿ."

ರಾಜ ತೊಡೆ ತಟ್ಟಿದ. "ಸರಿ! ಈಗ ನಿನ್ನ ಅಹವಾಲು ಹೇಳು."

"ಕಾಲಿಗಿಂತ ಮೊದ್ಲು ತಪ್ಪೋದು ಮನಸ್ಸು. ಅಣ್ಣ ಸಂಚಿಗೆ ಹೂಂ ಅಂದದ್ದು ದಿಟ. ಹೇಡಿನ ಹುಲಿ ಮಾಡೋದು ಆಯುಧ. ಈಟೀನೂ ಹಿಡಿದಿದ್ದ. ಆದ್ರೆ ಅರ್ಧ ದಾರೀಲಿ ಅದನ್ನ ಬಾವಿಗೆ ಎಸೆದು ಬಂದ. ಎಲ್ಲಿ ಹಿಡಿದ್ರಿ ಅಂತ ನಿಮ್ಮ ದಳವಾಯೀನೇ ಕೇಳಿ."

"ಉಳಿದವರನ್ನು ಕಣಿವೆಯಲ್ಲಿ" ಎಂದ ದಳವಾಯಿ. "ಇವನನ್ನು ಅವನ ಮನೆ ಹೊಸ್ತಿಲಲ್ಲಿ, ಬರಿಗೈಯಲ್ಲಿ."

"ನಿಮ್ಮಣ್ಣ ಇದನ್ನು ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?" ಎಂದ ರಾಜ.

"ಒಪ್ಪಿದ್ಯಾ ಅಂದ್ರು, ಒಪ್ಪಿದ್ದೆ ಅಂದ. ತಿರುಗಿದ್ಯಾ ಅಂತ ಯಾರೂ ಕೇಳ್ಲಿಲ್ಲ."

ರಾಜನಿಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಡಲೂ ಇಲ್ಲ. "ಒಗಟು ಹಾಕಿದವನು ನಾನು. ನನಗಿಂತ ಮೊದಲೇ ಬಿಡಿಸಿದವನು ನಿಮ್ಮಣ್ಣ. ಅವನ ಸೆರೆಯ ಬಾಗಿಲು ತೆಗೆಯಿರಿ!"

ರಾಜಕುಮಾರಿಯನ್ನು ಕೊಟ್ಟು ಮದುವೆ ಮಾಡಿದನೇ ಎಂದು ಕೇಳಬೇಡಿ. ಆ ರಾಜನಿಗೆ ಹೆಣ್ಣುಮಕ್ಕಳೇ ಇರಲಿಲ್ಲ. ಅರಮನೆಯ ಆನೆಗಳಿಗೆ ಬೇಕಾದ ಹಗ್ಗವೆಲ್ಲ ಈ ಅಣ್ಣತಮ್ಮಂದಿರದೇ ಎಂದು ಅಪ್ಪಣೆಯಾಯಿತು.

ಮರುದಿನ ಸಣ್ಣೀರ ಹುಣಸೆ ಮರಕ್ಕೆ ಕಟ್ಟಿದ್ದ ತುದಿಯನ್ನು ಬಿಚ್ಚಿ ತಾನೇ ಹಿಡಿದು ನಿಂತ. ದೊಡ್ಡೀರ ಹೊಸೆಯುತ್ತಾ, ತಮ್ಮನ ಮುಖ ನೋಡುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದ.