ಹೂ ಬಿಟ್ಟ ಅತ್ತೆ

ದೇವೀರಮ್ಮನಿಗೆ ಇದ್ದದ್ದು ಒಂದು ಹಿತ್ತಲು, ಒಬ್ಬ ಮಗ. ಹಿತ್ತಲು ಊರೆಲ್ಲ ಬಂದು ನೋಡುವಂಥದ್ದು. ಕೆಂಪು ಬೆಂಡೆ, ರೆಕ್ಕೆ ಅವರೆ, ಹಾಕಿದರೆ ಅನ್ನವೇ ನೀಲಿಯಾಗುವ ಶಂಖಪುಷ್ಪ. ಮಗ ಬೋರಲಿಂಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು.

ದೇವೀರಮ್ಮನಿಗೆ ಒಂದೇ ಕೊರಗು. ಗಂಡನ ತಂಗಿ ಚಿಕ್ಕತಾಯಮ್ಮ ಈ ಹಿತ್ತಲನ್ನು ಒಂದು ದಿನವೂ ಹೊಗಳಿರಲಿಲ್ಲ. ಬದನೆ ಬೆಳೆಯೋ ಜಾಗದಲ್ಲಿ ಇದೇನು ಹುಚ್ಚಾಟ ಎಂದು ಮೂಗು ಮುರಿಯುತ್ತಿದ್ದಳು. ಈ ಸಲ ಹಬ್ಬಕ್ಕೆ ಬಂದಾಗ ಅವಳ ಬಾಯಲ್ಲಿ ಒಂದು ಒಳ್ಳೆಯ ಮಾತು ಹೊರಡಿಸಲೇಬೇಕೆಂದು ದೇವೀರಮ್ಮ ಹಟ ತೊಟ್ಟಳು.

ದಿನಾ ನೀರು ಹಾಕು, ತಪ್ಪಿಸಬೇಡ ಎಂದು ಮಗನಿಗೆ ಹೇಳಿದಳು. ಧೋ ಎಂದು ಮಳೆ ಸುರಿಯುವಾಗ ಬೋರಲಿಂಗ ಗೋಣಿಕೊಪ್ಪೆ ಹೊದ್ದು ಗಿಡಗಳಿಗೆ ನೀರು ಹೊಯ್ಯುತ್ತಾ ನಿಂತಿದ್ದ. ಅವ್ವ ಹಣೆ ಚಚ್ಚಿಕೊಂಡಳು.

"ಮುಟ್ಟಿ ನೋಡೋ ಪೆದ್ದ. ಒಣಗಿದ್ರೆ ನೀರು ಹುಯ್ಯಿ."

ಬಿಸಿಲು ಬಂತು, ಅವಳು ಚಾಪೆ ಮೇಲೆ ಸಂಡಿಗೆ ಇಟ್ಟಳು. ಬೋರಲಿಂಗ ಮುಟ್ಟಿ ನೋಡಿದ. ಗರಿಗರಿ ಒಣಗಿತ್ತು. ಕೊಡದ ತುಂಬ ನೀರು ಹುಯ್ದ. ಅವ್ವ ಅವನಿಗೂ ಅವನ ಹಣೆಬರಹಕ್ಕೂ ಬೈದು, ಕೊನೆಗೆ ಬಿಡಿಸಿ ಹೇಳಿದಳು.

"ಬಾಗಿದ್ದು ಕಂಡ್ರೆ ಕೋಲು ನೆಟ್ಟು ಕಟ್ಟು. ಬುಡಕ್ಕೆ ನೀರು ಹುಯ್ಯಿ. ಹೂ ಬಿಡೋಗಂಟ ಬಿಚ್ಚಬೇಡ. ಬೇರೆ ಏನೂ ಮಾಡಬೇಡ."

ಬೋರಲಿಂಗ ಅಷ್ಟೇ ಮಾಡಿದ. ಬಳ್ಳಿಗಳೆಲ್ಲ ಎದ್ದು ನಿಂತವು, ಬೇಲಿಯೆಲ್ಲ ನೀಲಿಯಾಯಿತು. ದೇವೀರಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹಬ್ಬ ಬಂತು, ಚಿಕ್ಕತಾಯಮ್ಮ ಬಂದಳು. ಅತ್ತಿಗೆ ಕಾಫಿಗೆಂದು ಒಳಗೆ ಹೋದದ್ದೇ ತಡ, ಹಿತ್ತಲಿಗೆ ಹೋಗಿ ಆ ನೀಲಿ ಹೂವಿನ ಮುಂದೆ ಬಾಗಿದಳು. ಬಾಗಿದ್ದು ಬೋರಲಿಂಗನ ಕಣ್ಣಿಗೆ ಬಿತ್ತು. ಆಕೆ ತಿರುಗುವುದರೊಳಗೆ ಬೆನ್ನಿಗೆ ಬಿದಿರು ಕೋಲು, ಸೊಂಟಕ್ಕೆ ಬಾಳೆನಾರು, ಪಾದಕ್ಕೆ ಒಂದು ಕೊಡ ನೀರು.

ಕೂಗು ಕೇಳಿ ದೇವೀರಮ್ಮ ಓಡಿ ಬಂದಳು. ಬೋರಲಿಂಗ ಅಡ್ಡ ನಿಂತ.

"ಬಿಚ್ಚಬ್ಯಾಡ ಕಣವ್ವ. ಅತ್ತೆ ಇನ್ನೂ ಹೂ ಬಿಟ್ಟಿಲ್ಲ."

ಬೈಯಲು ಬಾಯಿ ತೆರೆದ ದೇವೀರಮ್ಮ ತಡೆದುಕೊಂಡಳು. ಏನು ನೋಡೋಕೆ ಬಾಗಿದ್ದೆ ಎಂದು ನಾದಿನಿಯನ್ನೇ ಕೇಳಿದಳು. ಚಿಕ್ಕತಾಯಮ್ಮ ಕೆಸರಲ್ಲಿದ್ದ ಕಾಲು ನೋಡಿಕೊಂಡಳು, ಹೂ ನೋಡಿದಳು.

"ಇಂಥ ಹೂವ ನಾನೆಲ್ಲೂ ಕಂಡಿಲ್ಲ ಅತ್ತಿಗೆ. ನಂಗೂ ಎರಡು ಬೀಜ ಕೊಡು."

ದೇವೀರಮ್ಮನ ಎದೆ ಉಬ್ಬಿತು. ಒಂದು ಶಂಖಪುಷ್ಪ ಕಿತ್ತು ನಾದಿನಿಯ ತುರುಬಿಗೆ ಮುಡಿಸಿದಳು.

"ಹೂ ಬಿಡ್ತು ಮಗ. ಈಗ ಬಿಚ್ಚು."

ಬೋರಲಿಂಗ ನಾರು ಬಿಚ್ಚಿದವನೇ ಬೀದಿಗೆ ಓಡಿದ. ನಮ್ಮವ್ವನ ಹಿತ್ತಲಲ್ಲಿ ನಮ್ಮತ್ತೆ ಹೂ ಬಿಟ್ಟವ್ಳೆ, ಬಂದು ನೋಡಿ ಎಂದು ಮನೆಮನೆ ಬಾಗಿಲು ಬಡಿದು ಕರೆದ. ಊರೆಲ್ಲ ಬಂತು. ಈ ಸಲ ಅವ್ವ ಬೈಯಲಿಲ್ಲ.